ಅಣುತ್ಯಾಜ್ಯದ ಟ್ಯಾಂಕುಗಳ ತಳದಲ್ಲಿ ಕೂರುವ ವಿಕಿರಣ ಕೆಸರು ಎಷ್ಟು ಗಟ್ಟಿ ಅಂತ ಯಾಕೆ ಅಳೆಯುತ್ತಾರೆ? ವಿಕಿರಣ ಅಳೆದರೆ ಸಾಲದೇ?

ಸಾಲದು. ವಿಕಿರಣದ ಲೆಕ್ಕ ನೋಡಿ ಎಷ್ಟು ದಪ್ಪದ ಗೋಡೆ ಬೇಕು ಅಂತ ಹೇಳಬಹುದು. ಆದರೆ ಕೆಸರು ಪೈಪಿನಲ್ಲಿ ಹರಿಯುತ್ತದೋ, ತಳದಲ್ಲಿ ಕಚ್ಚಿಕೊಳ್ಳುತ್ತದೋ ಅನ್ನುವುದು ಅದರ ಭೌತಿಕ ಗುಣದ ಮಾತು.

ನಮ್ಮ ಕರಾವಳಿಯ ಗಜನಿ ಗದ್ದೆಯ ಕೆಸರಿಗೆ ಇಳಿದವರಿಗೆ ಇದು ಗೊತ್ತು. ಸ್ವಲ್ಪ ಎಳೆದರೆ ಕಾಲು ಅಲ್ಲಾಡುವುದಿಲ್ಲ, ಒಂದು ಹಂತ ದಾಟಿದರೆ ಸಟಕ್ಕನೆ ಬಿಡುತ್ತದೆ. ಆ ಹಂತವನ್ನೇ ಅಳೆಯುತ್ತಾರೆ. ನಾಲ್ಕು ರೆಕ್ಕೆಯ ಸಣ್ಣ ಸಾಧನವನ್ನು ಕೆಸರಿನಲ್ಲಿ ಮುಳುಗಿಸಿ ನಿಧಾನಕ್ಕೆ ತಿರುಗಿಸಿ, ಕೆಸರು ಸೋಲುವಾಗ ಎಷ್ಟು ಬಲ ಬೇಕಾಯಿತು ನೋಡುತ್ತಾರೆ. ಜೊತೆಗೆ ಸಾಂದ್ರತೆ, ಸ್ನಿಗ್ಧತೆ (ಹರಿಯಲು ಎಷ್ಟು ತಡೆ ಒಡ್ಡುತ್ತದೆ ಅನ್ನುವುದು), ಕಣಗಳ ಗಾತ್ರ, ತಳಕ್ಕಿಳಿಯುವ ವೇಗವನ್ನೂ ಅಳೆಯುತ್ತಾರೆ.

ಗಟ್ಟಿತನಕ್ಕೆ ಇನ್ನೊಂದು ಅಪಾಯ ಅಂಟಿಕೊಂಡಿದೆ. ವಿಕಿರಣವು ನೀರನ್ನು ಒಡೆದು, ಸುಲಭವಾಗಿ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಹುಟ್ಟಿಸುತ್ತದೆ. ಕೆಸರು ಬಿಗಿಯಾಗಿದ್ದರೆ ಗುಳ್ಳೆಗಳು ಒಳಗೇ ಸಿಕ್ಕಿಕೊಂಡು, ಒಮ್ಮೆಲೇ ಹೊರಬರಬಹುದು. ಹಿಂದೆ ಪ್ಲುಟೋನಿಯಂ ತಯಾರಿಸುತ್ತಿದ್ದ ಅಮೆರಿಕದ ಹ್ಯಾನ್‌ಫೋರ್ಡ್‌ನಲ್ಲಿ ಅಣುತ್ಯಾಜ್ಯದ 177 ನೆಲದಡಿಯ ಟ್ಯಾಂಕುಗಳಿವೆ. ಅವುಗಳಲ್ಲಿ ಒಂದು ಹೀಗೇ ಆಗಾಗ ಅನಿಲ ಉಗುಳುತ್ತಿತ್ತು. 1993ರಲ್ಲಿ ಅದಕ್ಕೆ ಕದಡುವ ಪಂಪ್ ಇಳಿಸಬೇಕಾಯಿತು.

ಅಳತೆಯನ್ನು ದಪ್ಪ ಗೋಡೆಯ ಕೋಣೆಯೊಳಗೆ, ಹೊರಗೆ ನಿಂತು ಯಂತ್ರದ ಕೈಗಳಿಂದ ಮಾಡುತ್ತಾರೆ. ಮಾದರಿ ಸಿಗುವುದೂ ಚೂರೇ. ಅದಕ್ಕೇ ದೊಡ್ಡ ಪ್ರಯೋಗಗಳಿಗೆ ವಿಕಿರಣವಿಲ್ಲದ ಜೇಡಿಮಣ್ಣಿನ ನಕಲಿ ಕೆಸರು ಬಳಸುತ್ತಾರೆ.

ಪಕ್ಕದ ಕೈಗಾದಲ್ಲೂ ಇಂಥ ಕೆಸರು ಇದೆಯಾ ಅಂತ ಕಾರವಾರದವರು ಕೇಳುವ ಮೊದಲೇ ಹೇಳಿಬಿಡ್ತೇನೆ: ಹ್ಯಾನ್‌ಫೋರ್ಡ್‌ನ ಕೆಸರು ಬಳಸಿದ ಇಂಧನದಿಂದ ಪ್ಲುಟೋನಿಯಂ ತೆಗೆದಾಗ ಉಳಿದದ್ದು. ಕೈಗಾ ವಿದ್ಯುತ್ ಸ್ಥಾವರ, ಅಲ್ಲಿ ಆ ಕೆಲಸ ನಡೆಯುವುದಿಲ್ಲ.