ಓದುಗರ ಪ್ರಶ್ನೆ: ಕೋನ ಕೈಕೊಟ್ಟರೆ ಏನು ಮಾಡೋದು?

ಆಟಿ ತಿಂಗಳ ಮಳೆಗೆ ಸೈಟ್ ಕೆಲಸ ನಿಂತರೆ ನಮ್ಮ ಊರಿನವರೆಲ್ಲ ಕಂಪ್ಯೂಟರ್ ಮುಂದೆ ಕೂರುತ್ತಾರೆ ಅಂತ ಕಾಣುತ್ತದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತಲೆನೋವಿನವು. ಕಟ್ಟಡದ ಮಾಡೆಲ್‌ನಲ್ಲಿ ಕಿಟಕಿ, ಲೂವರ್ (ಬಿಸಿಲು ತಡೆಯುವ ಓರೆ ಪಟ್ಟಿಗಳ ಸಾಲು), ಪಕ್ಕಾಸು (ಛಾವಣಿಯ ಓರೆ ತೊಲೆ) ಇಂಥವನ್ನು ಬೇಕಾದ ಕೋನಕ್ಕೆ ತಿರುಗಿಸುವುದು ಹೇಗೆ? ಕಟ್ಟಡದ ಮಾಡೆಲ್ ಮಾಡುವ ರೆವಿಟ್ ಎಂಬ ಸಾಫ್ಟ್‌ವೇರ್‌ನಲ್ಲಿ ಇಂಥ ಬಿಡಿಭಾಗಗಳಿಗೆ ಫ್ಯಾಮಿಲಿ ಅಂತ ಹೆಸರು. ಉದ್ದ, ಅಗಲ ಬದಲಿಸಿದರೆ ತೆಪ್ಪಗಿರುವ ಫ್ಯಾಮಿಲಿ ಕೋನ ಮುಟ್ಟಿದ ಕೂಡಲೇ ಜಗಳಕ್ಕೆ ನಿಲ್ಲುತ್ತದೆ. ಹೆಸರಿಗೆ ತಕ್ಕ ಹಾಗೇ ಇದೆ ಅನ್ನಿ.

ಪ್ರಶ್ನೆ: ನಾನು ಆರ್ಕಿಟೆಕ್ಚರ್ ಕೊನೆಯ ವರ್ಷದಲ್ಲಿದ್ದೇನೆ. ಪಡುವಣ ಬಿಸಿಲಿಗೆ ಅಡ್ಡ ಹಿಡಿಯುವ ಲೂವರ್ ಒಂದನ್ನು ರೆವಿಟ್‌ನಲ್ಲಿ ಮಾಡುತ್ತಿದ್ದೇನೆ. ಓರೆಯಾಗಿ ಒಂದು ರೆಫರೆನ್ಸ್ ಪ್ಲೇನ್ (ಅಳತೆಗೆ ಆಧಾರವಾಗುವ ಸಮತಲ) ಎಳೆದು, ಕೋನದ ಡೈಮೆನ್ಶನ್ (ಅಳತೆ) ಹಾಕಿ, ಅದಕ್ಕೆ ಪ್ಯಾರಾಮೀಟರ್ (ಬೇಕಾದಾಗ ಬದಲಿಸಬಹುದಾದ ಹೆಸರಿಟ್ಟ ಅಂಕಿ) ಕೊಟ್ಟೆ. 30 ಇದ್ದದ್ದು 45 ಆಯಿತು. 60 ಕೊಟ್ಟಾಗ ಪಟ್ಟಿ ಎಲ್ಲಿಗೋ ಹಾರಿಹೋಯಿತು. ಮತ್ತೆ 30ಕ್ಕೆ ತಂದರೆ 'ಕನ್‌ಸ್ಟ್ರೇಂಟ್ಸ್ ಆರ್ ನಾಟ್ ಸ್ಯಾಟಿಸ್ಫೈಡ್' (ಹಾಕಿದ ಕಟ್ಟುಗಳು ಹೊಂದುತ್ತಿಲ್ಲ) ಎನ್ನುತ್ತದೆ. ನಾನೇನು ತಪ್ಪು ಮಾಡಿದೆ? – ಓದುಗಿ, ಮಣಿಪಾಲ

ತಪ್ಪು ಕೋನದಲ್ಲಿಲ್ಲ, ಪ್ಲೇನಿನಲ್ಲಿದೆ. ರೆಫರೆನ್ಸ್ ಪ್ಲೇನ್ ನೋಡಲಿಕ್ಕೆ ಒಂದು ಗೆರೆಯ ಹಾಗೆ ಕಾಣುತ್ತದೆ, ಎರಡು ತುದಿಯೂ ಕಾಣುತ್ತದೆ, ಆದರೆ ನಿಜಕ್ಕೂ ಅದಕ್ಕೆ ತುದಿಯೇ ಇಲ್ಲ, ಎರಡೂ ಕಡೆಗೆ ಕೊನೆಯಿಲ್ಲದೆ ಹೋಗುತ್ತದೆ. ತುದಿ ಇಲ್ಲದ ಮೇಲೆ ಯಾವ ಬಿಂದುವನ್ನು ಹಿಡಿದು ತಿರುಗಬೇಕು? ಬಾಗಿಲಿಗೆ ತಿರುಗಣಿ ಇಲ್ಲದೆ 'ತಿರುಗು' ಎಂದ ಹಾಗಾಯಿತು. ನೀವು ಹೇಳಿಲ್ಲ, ಹಾಗಾಗಿ ಸಾಫ್ಟ್‌ವೇರ್ ತಾನೇ ಒಂದು ಜಾಗ ಊಹಿಸಿಕೊಳ್ಳುತ್ತದೆ. ಎರಡು ಸಲ ಅದೃಷ್ಟ, ಮೂರನೆಯ ಸಲ ಹಾರಾಟ.

ಇದಕ್ಕೆ ಬೇಕಾದದ್ದು ರೆಫರೆನ್ಸ್ ಲೈನ್. ಹೆಸರು ಹತ್ತಿರ ಹತ್ತಿರ ಇದೆ, ಗುಣ ಬೇರೆ. ಲೈನ್‌ಗೆ ಶುರು ಇದೆ, ಕೊನೆ ಇದೆ, ಆ ತುದಿಯನ್ನು ಬೀಗ ಹಾಕಿ ಒಂದು ಕಡೆ ನಿಲ್ಲಿಸಬಹುದು. ಮೊದಲು ಎರಡು ರೆಫರೆನ್ಸ್ ಪ್ಲೇನ್ ಅಡ್ಡ ಮತ್ತು ಉದ್ದ ಎಳೆಯಿರಿ. ಅವು ಸೇರುವ ಜಾಗವೇ ನಿಮ್ಮ ತಿರುಗಣಿ. ಅಲ್ಲಿಂದ ಓರೆಯಾಗಿ ರೆಫರೆನ್ಸ್ ಲೈನ್ ಎಳೆಯಿರಿ. ಆಮೇಲೆ ಅಲೈನ್ (ಒಂದನ್ನು ಇನ್ನೊಂದರ ನೇರಕ್ಕೆ ತರುವ ಆಜ್ಞೆ) ತೆಗೆದುಕೊಂಡು ಒಂದು ಪ್ಲೇನನ್ನು ಒತ್ತಿ, ಲೈನಿನ ತುದಿಯ ಮೇಲೆ ಮೌಸ್ ಇಟ್ಟು ಟ್ಯಾಬ್ ಒತ್ತುತ್ತಾ ಹೋಗಿ. ಇಡೀ ಗೆರೆ ಹೊಳೆದರೆ ಅದಲ್ಲ, ತುದಿಯಲ್ಲಿ ಒಂದು ಚುಕ್ಕೆ ಮಾತ್ರ ಹೊಳೆಯಬೇಕು. ಆಗ ಕ್ಲಿಕ್ ಮಾಡಿ ಬೀಗ ಹಾಕಿ. ಇನ್ನೊಂದು ಪ್ಲೇನಿಗೂ ಇದೇ ಕೆಲಸ ಮಾಡಿ. ನೂರಕ್ಕೆ ತೊಂಬತ್ತು ಜನ ಎಡವುವುದು ಇಲ್ಲೇ, ಒಂದು ಕಡೆ ಬೀಗ ಹಾಕಿ ಇನ್ನೊಂದು ಕಡೆ ಮರೆಯುತ್ತಾರೆ (ಲೆಕ್ಕ ಹಾಕಿ ಹೇಳಿದ್ದಲ್ಲ, ನನ್ನನ್ನೂ ಸೇರಿಸಿ ಹೇಳಿದ್ದು).

ಈಗ ಅಡ್ಡ ಪ್ಲೇನಿಗೂ ಲೈನಿಗೂ ನಡುವೆ ಕೋನದ ಡೈಮೆನ್ಶನ್ ಹಾಕಿ ಪ್ಯಾರಾಮೀಟರ್ ಕೊಡಿ. ಪಟ್ಟಿ ಬಿಡಿಸಲಿಕ್ಕೆ ಅವಸರ ಮಾಡಬೇಡಿ. ಬರೀ ಎಲುಬು ಇರುವಾಗಲೇ 10, 35, 70 ಕೊಟ್ಟು ಆಡಿಸಿ ನೋಡಿ. ಎಲುಬು ಸರಿಯಾಗಿ ತಿರುಗಿದರೆ ಮಾತ್ರ ಮೈ ತುಂಬಿಸಿ.

ಮೈ ತುಂಬಿಸುವಾಗಲೂ ಒಂದು ಮಾತು. ನೇರವಾದ ಒಂದು ರೆಫರೆನ್ಸ್ ಲೈನಿಗೆ ನಾಲ್ಕು ಸಮತಲ ಇರುತ್ತವೆ: ಉದ್ದಕ್ಕೂ ಎರಡು, ಒಂದಕ್ಕೊಂದು ಲಂಬವಾಗಿ, ಮತ್ತೆ ಎರಡು ತುದಿಗಳಲ್ಲಿ ಒಂದೊಂದು. ಸೆಟ್ ವರ್ಕ್ ಪ್ಲೇನ್ (ಯಾವ ಸಮತಲದ ಮೇಲೆ ಬಿಡಿಸಬೇಕು ಎಂದು ಹೇಳುವ ಆಜ್ಞೆ) ಒತ್ತಿ, ಟ್ಯಾಬ್‌ನಿಂದ ಅವುಗಳಲ್ಲಿ ಬೇಕಾದ್ದನ್ನು ಆರಿಸಿ, ಪಟ್ಟಿಯನ್ನು ಅದರ ಮೇಲೆಯೇ ಎಕ್ಸ್‌ಟ್ರೂಡ್ ಮಾಡಿ, ಅಂದರೆ ಆಕಾರ ಬಿಡಿಸಿ ದಪ್ಪ ಕೊಡಿ. ಆಗ ಲೈನ್ ತಿರುಗಿದರೆ ಪಟ್ಟಿಯೂ ಅದರ ಬೆನ್ನೇರಿ ತಿರುಗುತ್ತದೆ. ಸ್ಕೆಚ್ಚಿನ ಒಂದೊಂದು ಗೆರೆಗೂ ಕೋನ ಹಚ್ಚಿ ಬೀಗ ಹಾಕುತ್ತಾ ಕೂತರೆ ಸಂಜೆಯಾಗುತ್ತದೆ, ಕೆಲಸ ಆಗುವುದಿಲ್ಲ.

ನಿಮಗೆ ಬೇಕಾದದ್ದು ಒಂದು ಪಟ್ಟಿ ಅಲ್ಲ, ಹತ್ತಿಪ್ಪತ್ತು ಪಟ್ಟಿ, ಅಲ್ವಾ? ಹಾಗಾದರೆ ಒಂದು ಪಟ್ಟಿಯನ್ನು ಕೋನದ ಸಮೇತ ಬೇರೆ ಫ್ಯಾಮಿಲಿ ಮಾಡಿಟ್ಟು, ಅದನ್ನು ಲೂವರ್ ಫ್ಯಾಮಿಲಿಯ ಒಳಗೆ ತಂದು ಅರೇ ಮಾಡಿ, ಅಂದರೆ ಸಾಲಾಗಿ ನಕಲು ಮಾಡಿ. ಒಳಗಿನ ಕೋನವನ್ನು ಹೊರಗಿನ ಕೋನದ ಪ್ಯಾರಾಮೀಟರಿಗೆ ಜೋಡಿಸಿದರೆ ಹೊರಗೆ ಒಂದು ಅಂಕಿ ಬದಲಿಸಿದಾಗ ಎಲ್ಲ ಪಟ್ಟಿಗಳೂ ಒಟ್ಟಿಗೆ ತಿರುಗುತ್ತವೆ.

ಪ್ರಶ್ನೆ: ನೀವು ಹೇಳುವ ರೆಫರೆನ್ಸ್ ಲೈನ್ ಹಾಕಿಯೇ ಕಿಟಕಿ ಬಾಗಿಲು ಮಾಡಿದ್ದೇನೆ ಮಾರಾಯ್ರೆ. 5ರಿಂದ 90 ಡಿಗ್ರಿ ತನಕ ಚಂದ ತೆರೆಯುತ್ತದೆ. ಮುಚ್ಚಲಿಕ್ಕೆ 0 ಕೊಟ್ಟರೆ ಮಾತ್ರ ಎರರ್. ಮುಚ್ಚದ ಕಿಟಕಿ ಇಟ್ಟುಕೊಂಡು ಈ ಮಳೆಗೆ ಎಂತ ಮಾಡುವುದು? – ಓದುಗರು, ಬಿಜೈ

0 ಎಂದರೆ ಎರಡು ಗೆರೆಯೂ ಒಂದರ ಮೇಲೊಂದು ಮಲಗಿದ ಹಾಗೆ. ಅಳೆಯಲಿಕ್ಕೆ ನಡುವೆ ಏನೂ ಉಳಿದಿಲ್ಲ, ಹಾಗಾಗಿ ಡೈಮೆನ್ಶನ್ ಸೋಲುತ್ತದೆ. 180ರ ಹತ್ತಿರವೂ ಇಂಥದ್ದೇ ಕಾಟ. ಕೆಲವರು 'ಕೋನ 1ಕ್ಕಿಂತ ಕಡಿಮೆ ಇದ್ದರೆ 1 ಎಂದೇ ತಿಳಿ' ಅಂತ ಇಫ್ (ಹೀಗಿದ್ದರೆ ಹೀಗೆ ಎನ್ನುವ) ಫಾರ್ಮುಲಾ ಬರೆದು ಸಾಗಹಾಕುತ್ತಾರೆ. ದೂರದಿಂದ ನೋಡಿದರೆ ಗೊತ್ತಾಗುವುದಿಲ್ಲ, ಆದರೆ ಅದು ಮುಚ್ಚಿದ ಕಿಟಕಿ ಅಲ್ಲ.

ನಾನು ಮಾಡುವುದು ಹೀಗೆ. ತಿರುಗಣಿಯ ಜಾಗದಲ್ಲೇ, ಗೋಡೆಯಿಂದ 45 ಡಿಗ್ರಿ ಹಿಂದಕ್ಕೆ, ಇನ್ನೊಂದು ರೆಫರೆನ್ಸ್ ಲೈನ್ ಖಾಯಂ ನಿಲ್ಲಿಸುತ್ತೇನೆ. ಅಳತೆ ಹಿಡಿಯುವುದು ಅಲ್ಲಿಂದ. ಬಳಸುವವರಿಗೆ ಕಾಣುವ ಪ್ಯಾರಾಮೀಟರ್ 'ತೆರೆದ ಕೋನ', ಒಳಗೆ ಕೆಲಸ ಮಾಡುವುದು 'ಒಳ ಕೋನ = ತೆರೆದ ಕೋನ + 45°'. ಅವರು 0 ಕೊಟ್ಟರೆ ಒಳಗೆ 45, ಅವರು 90 ಕೊಟ್ಟರೆ ಒಳಗೆ 135. ಸೊನ್ನೆಯೂ ಬರಲಿಲ್ಲ, ನೂರಎಂಬತ್ತೂ ಬರಲಿಲ್ಲ.

ನಮ್ಮ ಹಳೆ ಮನೆಗಳ ಕಿಟಕಿ ಬಾಗಿಲು ಹೊರಗೋಡೆಗೆ ಒರಗುವಷ್ಟು, ಅಂದರೆ 180 ತನಕ ತೆರೆಯುತ್ತದಲ್ಲ, ಅಲ್ಲಿ ಈ ಉಪಾಯ ಸಾಲದು. ಅಲ್ಲಿ ಕೋನವನ್ನೇ ಬಿಟ್ಟು ಬಾಗಿಲಿನ ತುದಿ ಎಲ್ಲಿ ಬರುತ್ತದೆ ಎಂದು ಲೆಕ್ಕ ಹಾಕಿ: ಅಡ್ಡಕ್ಕೆ ಅಗಲ × ಕಾಸ್, ಮುಂದಕ್ಕೆ ಅಗಲ × ಸೈನ್. 90 ದಾಟಿದ ಮೇಲೆ ಕಾಸ್ ಮೈನಸ್ ಆಗುತ್ತದೆ, ಡೈಮೆನ್ಶನ್‌ಗೆ ಮೈನಸ್ ಆಗಿಬರುವುದಿಲ್ಲ. ಅದಕ್ಕೆ ಅಳತೆಯ ಪ್ಲೇನನ್ನು ಬಾಗಿಲಿನ ಅಗಲಕ್ಕಿಂತ ಜಾಸ್ತಿ ಹಿಂದಕ್ಕೆ ಸರಿಸಿ, ಅಷ್ಟನ್ನು ಫಾರ್ಮುಲಾದಲ್ಲಿ ಕೂಡಿಸಿ. ಮುಂದಕ್ಕಿನ ಅಳತೆಗೂ ಹೀಗೇ ಮಾಡಿ, ಯಾಕೆಂದರೆ 0ಯಲ್ಲಿ ಸೈನ್ ಸೊನ್ನೆ.

ಪ್ರಶ್ನೆ: ಹಂಚಿನ ಮಾಡಿನ (ಛಾವಣಿಯ) ತೊಲೆಕಟ್ಟು ಫ್ಯಾಮಿಲಿ ಮಾಡುತ್ತಿದ್ದೇನೆ. ಡ್ರಾಯಿಂಗಿನವರು 'ಎಷ್ಟು ಡಿಗ್ರಿ' ಎಂದು ಕೇಳುತ್ತಾರೆ. ಆಚಾರಿಗಳು 'ಇಷ್ಟು ಅಡ್ಡಕ್ಕೆ ಇಷ್ಟು ಎತ್ತರ' ಎನ್ನುತ್ತಾರೆ. ಯಾರ ಮಾತು ಕೇಳಲಿ? – ಓದುಗರು, ಕಾಪು

ಆಚಾರಿಗಳದ್ದು. ಯಾಕೆಂದರೆ ಸೈಟಿನಲ್ಲಿ ಟೇಪ್ ಹಿಡಿಯುವುದು ಎತ್ತರಕ್ಕೆ, ಯಾರೂ ಮಾಡು ಹತ್ತಿ ಡಿಗ್ರಿ ಅಳೆಯುವುದಿಲ್ಲ. ಫ್ಯಾಮಿಲಿಯಲ್ಲಿ ಅಡ್ಡ ಮತ್ತು ಎತ್ತರವನ್ನು ಪ್ಯಾರಾಮೀಟರ್ ಮಾಡಿ, ಕೋನ ತಾನಾಗಿ ಹುಟ್ಟಲಿ: ಕೋನ = ಎಟ್ಯಾನ್(ಎತ್ತರ / ಅಡ್ಡ). ಎಟ್ಯಾನ್ ಅಂದರೆ ಟ್ಯಾನ್‌ನ ಉಲ್ಟಾ ಲೆಕ್ಕ. ಉದ್ದವನ್ನು ಉದ್ದದಿಂದ ಭಾಗಿಸಿದರೆ ಬರೀ ಅಂಕಿ ಉಳಿಯುತ್ತದೆ, ರೆವಿಟ್‌ಗೆ ಅದು ಬೇಕು, ಇಲ್ಲದಿದ್ದರೆ ಯೂನಿಟ್ ಸರಿಯಿಲ್ಲ ಎಂದು ಗೊಣಗುತ್ತದೆ. ಪ್ಯಾರಾಮೀಟರ್ ಹೆಸರಲ್ಲಿ ಅಡ್ಡಗೆರೆ ಇಟ್ಟರೂ ತೊಂದರೆ, ಫಾರ್ಮುಲಾದಲ್ಲಿ ಅದನ್ನು ಮೈನಸ್ ಎಂದು ಓದಿಬಿಡುತ್ತದೆ.

ಒಂದು ಲೆಕ್ಕ ನೋಡಿ. ಗೋಡೆಯಿಂದ ಮಾಡಿನ ನೆತ್ತಿಯ ಕೆಳಗಿನ ತನಕ ಅಡ್ಡ 3 ಮೀಟರ್, ಎತ್ತರ 1.75 ಮೀಟರ್ ಅಂತಿಟ್ಟುಕೊಳ್ಳಿ. ಕೋನ 30.26 ಡಿಗ್ರಿ. ಪಕ್ಕಾಸಿನ ಉದ್ದ ಅಡ್ಡದ ವರ್ಗ, ಎತ್ತರದ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 3.47 ಮೀಟರ್. ಗೋಡೆಯಿಂದ ಹೊರಗೆ 75 ಸೆಂಟಿಮೀಟರ್ ಚಾಚಿಸಿದರೆ ಪಕ್ಕಾಸಿಗೆ ಇನ್ನೂ 87 ಸೆಂಟಿಮೀಟರ್ ಬೇಕು, 75 ಅಲ್ಲ. ಮತ್ತೆ ಆ ಚಾಚು ಕೆಳಕ್ಕೂ 44 ಸೆಂಟಿಮೀಟರ್ ಇಳಿಯುತ್ತದೆ. ಇದನ್ನು ಮರೆತವರ ಮನೆಯಲ್ಲಿ ಕಿಟಕಿ ತೆರೆದರೆ ಬಾಗಿಲು ಮಾಡಿಗೆ ಬಡಿಯುತ್ತದೆ. ನಮ್ಮ ಕರಾವಳಿಯ ಮಳೆಗೆ ಚಾಚು ಕಡಿಮೆ ಮಾಡಲಿಕ್ಕೂ ಆಗುವುದಿಲ್ಲ, ಆದ್ದರಿಂದ ಈ 44ನ್ನು ಫ್ಯಾಮಿಲಿಯೊಳಗೇ ಫಾರ್ಮುಲಾ ಮಾಡಿಡಿ.

ಹಂಚಿನ ಮಾಡಿಗೆ ಇನ್ನೊಂದು ಹಟ ಇದೆ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದಾಗಿನಿಂದ ಈ ಹಂಚು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡೇ ಕೂರುವುದು. ಹಾಗಾಗಿ ರೀಪಿನ (ಹಂಚು ಕೂರುವ ಅಡ್ಡ ಮರಪಟ್ಟಿಯ) ಅಂತರ ನಮ್ಮ ಇಷ್ಟ ಅಲ್ಲ, ಹಂಚಿನ ಇಷ್ಟ. ಪಕ್ಕಾಸಿನ ಉದ್ದವನ್ನು ರೀಪಿನ ಅಂತರದಿಂದ ಭಾಗಿಸಿ ರೌಂಡ್‌ಅಪ್ ಮಾಡಿದರೆ ಎಷ್ಟು ಸಾಲು ಎಂದು ಸಿಗುತ್ತದೆ. ಕೊನೆಯ ಸಾಲು ಅರ್ಧ ಹಂಚಿಗೆ ನಿಂತರೆ ಚಾಚನ್ನು ಸ್ವಲ್ಪ ಹೆಚ್ಚು ಕಡಿಮೆ ಮಾಡಿ, ಕೋನಕ್ಕೆ ಕೈ ಹಾಕಬೇಡಿ.

ಕೋನವೂ ಬೇಕು, ಎತ್ತರವೂ ಬೇಕು, ಎರಡನ್ನೂ ಕೈಯಿಂದ ಕೊಡುತ್ತೇನೆ ಎಂದರೆ ಆಗದು. ಒಂದು ಗಾಡಿಗೆ ಇಬ್ಬರು ಡ್ರೈವರ್ ಆಗುತ್ತದೆ. ಬೇಕಿದ್ದರೆ ಹೌದು-ಅಲ್ಲ ಪ್ಯಾರಾಮೀಟರ್ ಒಂದಿಟ್ಟು, 'ಕೋನದಿಂದ' ಎಂದು ಟಿಕ್ ಮಾಡಿದರೆ ಎತ್ತರ = ಅಡ್ಡ × ಟ್ಯಾನ್(ಕೊಟ್ಟ ಕೋನ), ಟಿಕ್ ಇಲ್ಲದಿದ್ದರೆ ಕೊಟ್ಟ ಎತ್ತರ, ಹೀಗೆ ಇಫ್ ಬರೆಯಿರಿ.

ಡಿಗ್ರಿಯ ಮೇಲೆ ನನಗೆ ಇಷ್ಟು ಸಿಟ್ಟು ಯಾಕೆ ಅಂದರೆ, ಹಿಂದೊಮ್ಮೆ ಉಡುಪಿ ಹತ್ತಿರದ ಒಂದು ಹಾಲ್‌ಗೆ ಕಬ್ಬಿಣದ ಮಾಡಿನ ಡ್ರಾಯಿಂಗ್ ಕೊಟ್ಟಿದ್ದೆ. ಮೇಲೆ ಹೇಳಿದ್ದೇ ಓರೆ, ಅಡ್ಡ ಮಾತ್ರ ನಾಲ್ಕೂವರೆ ಮೀಟರ್. ಯೂನಿಟ್ ಸೆಟ್ಟಿಂಗಿನಲ್ಲಿ ಕೋನದ ದಶಾಂಶ ತೆಗೆದುಹಾಕಿದ್ದೆ, ನೋಡಲಿಕ್ಕೆ ಚಂದ ಅಂತ. ಮಾಡೆಲ್ ಒಳಗೆ 30.26 ಸರಿಯಾಗೇ ಇತ್ತು, ಕಾಗದದಲ್ಲಿ 30 ಎಂದು ಬಂತು. ವೆಲ್ಡಿಂಗಿನವರು ಕಾಗದ ನೋಡಿ 30ಕ್ಕೇ ಕತ್ತರಿಸಿದರು, ಅವರದ್ದೇನೂ ತಪ್ಪಿಲ್ಲ. ನಡುವಿನ ಕಂಬ ಮಾತ್ರ ಎತ್ತರದ ಲೆಕ್ಕದಲ್ಲಿ ಮೊದಲೇ ನಿಂತಿತ್ತು. ನೆತ್ತಿಯಲ್ಲಿ 27 ಮಿಲಿಮೀಟರ್ ವ್ಯತ್ಯಾಸ, ಅಂದರೆ ಒಂದು ಇಂಚು ಮೇಲೆ. ಆ ದಿನ ನಾನು ಕೇಳಿದ ತುಳು ಬೈಗುಳಗಳನ್ನು ಇಲ್ಲಿ ಬರೆಯಲಿಕ್ಕಾಗುವುದಿಲ್ಲ.

ಪ್ರಶ್ನೆ: ರೆವಿಟ್ ಕೊಳ್ಳುವ ಶಕ್ತಿ ಇಲ್ಲ. ಸ್ಕೆಚ್‌ಅಪ್‌ನಲ್ಲಿ ಇದೆಲ್ಲ ಆಗುತ್ತದಾ? ಗೆಳೆಯ ಆರ್ಕಿಕ್ಯಾಡ್ ಬಳಸುತ್ತಾನೆ, ಅವನದ್ದೂ ಹೇಳಿ. – ಓದುಗರು, ಮಲ್ಪೆ

ಆಗುತ್ತದೆ. ಸ್ಕೆಚ್‌ಅಪ್‌ನ ಡೈನಾಮಿಕ್ ಕಾಂಪೊನೆಂಟ್‌ನಲ್ಲಿ (ಅಂಕಿ ಕೊಟ್ಟು ಬದಲಿಸಬಹುದಾದ ಬಿಡಿಭಾಗ) ರೋಟ್‌ಎಕ್ಸ್, ರೋಟ್‌ವೈ, ರೋಟ್‌ಝಡ್ ಎಂದು ಮೂರು ಇವೆ, ಡಿಗ್ರಿ ಬರೆದರೆ ತಿರುಗುತ್ತದೆ. ಅದು ತಿರುಗುವುದು ಕಾಂಪೊನೆಂಟಿನ ಸ್ವಂತ ಮೂಲಬಿಂದುವಿನ ಸುತ್ತ. ಆದ್ದರಿಂದ ಅದರ ಆಕ್ಸಿಸ್ಸನ್ನು ಮೊದಲೇ ತಿರುಗಣಿಯ ಜಾಗಕ್ಕೆ ತಂದಿಡಿ, ಇಲ್ಲದಿದ್ದರೆ ಬಾಗಿಲು ಫ್ಯಾನಿನ ಹಾಗೆ ತಿರುಗುತ್ತದೆ. ಆನ್‌ಕ್ಲಿಕ್‌ನಲ್ಲಿ ಅನಿಮೇಟ್ ಬರೆದು 0 ಮತ್ತು 90 ಕೊಟ್ಟರೆ ಒತ್ತಿದಾಗ ತೆರೆಯುತ್ತದೆ, ಮತ್ತೆ ಒತ್ತಿದಾಗ ಮುಚ್ಚುತ್ತದೆ. ಗಿರಾಕಿಗಳಿಗೆ ಇದು ತುಂಬಾ ಇಷ್ಟ.

ಗೆಳೆಯನಿಗೆ ಹೇಳಿ: ಆರ್ಕಿಕ್ಯಾಡ್‌ನಲ್ಲಿ ಬಿಡಿಭಾಗ ಬರೆಯುವ ಭಾಷೆಯಾದ ಜಿಡಿಎಲ್‌ನಲ್ಲಿ ರೋಟ್ ಆಜ್ಞೆ ವಸ್ತುವನ್ನು ತಿರುಗಿಸುವುದಲ್ಲ, ಅಳತೆಯ ಚೌಕಟ್ಟನ್ನೇ ತಿರುಗಿಸುತ್ತದೆ. ತಿರುಗಿಸಿ, ಬಿಡಿಸಿ, ಕೂಡಲೇ ಡೆಲ್ 1 ಬರೆದು ಹಿಂದಕ್ಕೆ ತರಬೇಕು. ಮರೆತರೆ ಮುಂದೆ ಬಿಡಿಸುವುದೆಲ್ಲ ಓರೆ.

ಪ್ರಶ್ನೆ: ತಾರಸಿಯ ಸೋಲಾರ್ ಪ್ಯಾನೆಲ್ ಸ್ಟ್ಯಾಂಡಿಗೆ ಕೋನ ಎಷ್ಟು ಇಡಲಿ? – ಓದುಗರು, ಸುರತ್ಕಲ್

ಅಲುಗಾಡದ ಸ್ಟ್ಯಾಂಡ್ ಆದರೆ ಊರಿನ ಅಕ್ಷಾಂಶದ ಆಸುಪಾಸು ಇಡುವುದು ರೂಢಿ, ಮುಖ ದಕ್ಷಿಣಕ್ಕೆ. ನಮಗೆ ಅದು ಸುಮಾರು 13 ಡಿಗ್ರಿ. 2 ಮೀಟರ್ ಉದ್ದದ ಪ್ಯಾನೆಲ್ಲಿಗೆ ಹಿಂದಿನ ಕಾಲು ಮುಂದಿನದಕ್ಕಿಂತ 45 ಸೆಂಟಿಮೀಟರ್ ಎತ್ತರ, ಅಂದರೆ 2 × ಸೈನ್ 13. ಇಲ್ಲಿ ಮಾತ್ರ ಕೋನವೇ ಡ್ರೈವರ್, ಕಾಲಿನ ಎತ್ತರ ಹಿಂದಿನ ಸೀಟು.

ಪ್ರಶ್ನೆ: ಕ್ಲಿನಿಕ್ ಒಂದರ ಗಾಲಿಕುರ್ಚಿ ಇಳಿಜಾರಿಗೆ 12ಕ್ಕೆ 1 ಬೇಕಂತೆ. ಅದು ಎಷ್ಟು ಡಿಗ್ರಿ? – ಓದುಗಿ, ಕದ್ರಿ

4.76. ನೀವು ಸುಲಭಕ್ಕೆ 5 ಎಂದು ಬರೆಯುತ್ತೀರಿ ಅಂತ ನನಗೆ ಗೊತ್ತು. 45 ಸೆಂಟಿಮೀಟರ್ ಎತ್ತರದ ಜಗಲಿಗೆ 5.4 ಮೀಟರ್ ಉದ್ದ ಬೇಕು, 5 ಡಿಗ್ರಿ ಕೊಟ್ಟರೆ 5.14ಕ್ಕೇ ಮುಗಿಯುತ್ತದೆ. 26 ಸೆಂಟಿಮೀಟರ್ ಕಡಿಮೆ, ಅಷ್ಟು ಕಡಿದು. ಫ್ಯಾಮಿಲಿಯಲ್ಲಿ ಉದ್ದ = ಎತ್ತರ × 12 ಎಂದು ಬರೆಯಿರಿ, ಡಿಗ್ರಿಯ ಕಾಲಂ ಖಾಲಿ ಇರಲಿ.