ಸಮಾಜಶಾಸ್ತ್ರದಲ್ಲಿ ಸರ್ವೆಗೂ ಸಹಭಾಗಿ ಅವಲೋಕನಕ್ಕೂ ಏನು ವ್ಯತ್ಯಾಸ?

ಸರ್ವೆ ಅಂದ್ರೆ ಎಲ್ಲರಿಗೂ ಒಂದೇ ಪ್ರಶ್ನಾವಳಿ ಕೊಟ್ಟು ಉತ್ತರ ಎಣಿಸುವುದು. ಇಡೀ ಊರನ್ನೇ ಕೇಳೋಕಾಗಲ್ಲ, ಹಾಗಾಗಿ ಒಂದಷ್ಟು ಜನರನ್ನು ಆರಿಸಿಕೊಳ್ಳುತ್ತಾರೆ. ಅದೇ ಸ್ಯಾಂಪಲ್.

ಆದರೆ "ನಿಮ್ಮನೇಲಿ ಜಾತಿಭೇದ ಮಾಡ್ತೀರಾ?" ಅಂತ ಕೇಳಿದರೆ ಯಾರು ಹೌದು ಅಂತಾರೆ? ಊಟಕ್ಕೆ ಯಾರನ್ನು ಒಳಗೆ ಕರೆದರು, ಯಾರನ್ನು ಜಗಲಿಯಲ್ಲೇ ಕೂರಿಸಿದರು ಅನ್ನೋದನ್ನು ಅಲ್ಲೇ ಇದ್ದು ನೋಡಬೇಕು. ಅದು ಸಹಭಾಗಿ ಅವಲೋಕನ.

ನಮ್ಮವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮಾಡಿದ್ದು ಇದನ್ನೇ. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ, ಪಟೇಲರ ಎತ್ತಿನ ಮನೆಯಲ್ಲಿ ತಿಂಗಳುಗಟ್ಟಲೆ ಇದ್ದರು. ಬರಹದಲ್ಲಿ ಊರಿನ ಹೆಸರು ಬದಲಿಸಿ 'ರಾಂಪುರ' ಅಂದರು. ಜನರ ಗುಟ್ಟು ಕಾಯೋಕೆ ಈಗಲೂ ಹೀಗೆ ಮಾಡ್ತಾರೆ. ಜಮೀನು, ಜನಬಲ ಎರಡೂ ಇರುವ ಜಾತಿ ಊರನ್ನು ಹೇಗೆ ನಡೆಸುತ್ತೆ ಅಂತ ಅಲ್ಲಿ ಕಂಡು, 'ಪ್ರಬಲ ಜಾತಿ' ಅನ್ನೋ ಪರಿಕಲ್ಪನೆ ಕೊಟ್ಟರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಯಾರೋ ಹಚ್ಚಿದ ಬೆಂಕಿಯಲ್ಲಿ ಅವರ ಟಿಪ್ಪಣಿಗಳು ಸುಟ್ಟುಹೋದವು. ಪಾಪ, ಆ ಹಳ್ಳಿಯ ಪುಸ್ತಕವನ್ನು ನೆನಪಿನಿಂದಲೇ ಬರೆಯಬೇಕಾಯಿತು.

ಈ ವಿಧಾನದ ಕೊರತೆ? ಸಮಯ ಜಾಸ್ತಿ ಬೇಕು. ಒಂದು ಹಳ್ಳಿಯಲ್ಲಿ ಕಂಡಿದ್ದು ಪಕ್ಕದ ಹಳ್ಳಿಗೆ ಹೊಂದಬೇಕು ಅಂತೇನಿಲ್ಲ. ಎಷ್ಟು ಜನ ಅನ್ನೋ ಪ್ರಶ್ನೆಗೆ ಸರ್ವೆ, ಹೇಗೆ-ಯಾಕೆ ಅನ್ನೋದಕ್ಕೆ ಇದು. ಎರಡನ್ನೂ ಸೇರಿಸಿ ಮಾಡುವವರೂ ಇದ್ದಾರೆ.