ಖಂಡಿಸಿದ್ದು ಯಾರು, ಆಮೇಲೆ ಮಾಡಿದ್ದೇನು: ನಿಮ್ಮ ಲೇಖನದ ಬಗ್ಗೆ

ನಮಸ್ಕಾರ. ‘ಮಾನವ ಹಕ್ಕು ವೀಕ್ಷಕರ ಉಚ್ಚಾಟನೆ ಮತ್ತು ವಿಶ್ವದ ಮೌನ’ ಅನ್ನೋ ನಿಮ್ಮ ಲೇಖನ ಪೂರ್ತಿ ಓದ್ದೆ. ಈಗಿರೋ ಹಂಗೆ ಹಾಕಕ್ಕಾಗಲ್ಲ. ಮಂಡ್ಯದಲ್ಲಿ ಕೂತು ನಿಕರಾಗುವಾ, ಬುರುಂಡಿ ಬಗ್ಗೆ ಬರೆದು ಮೈಸೂರಿನ ನಮ್ಮಂಥ ಸಣ್ಣ ಪತ್ರಿಕೆಗೆ ಕಳಿಸೋರು ಎಷ್ಟು ಜನ ಸಿಗ್ತಾರೆ ಹೇಳಿ, ಅದಕ್ಕೇ ‘ಪ್ರಕಟಿಸಲಾಗದ್ದಕ್ಕೆ ವಿಷಾದವಿದೆ’ ಅಂತ ಒಂದು ಸಾಲು ಬರೆದು ಕೈತೊಳ್ಕೊಳ್ಳದೆ ಇಷ್ಟುದ್ದ ಬರೀತಿದೀನಿ, ಬೇಜಾರು ಮಾಡ್ಕೋಬೇಡಿ.

ನೀವು ಮಾಡಿರೋದು ಏನಪ್ಪಾ ಅಂದ್ರೆ, 2018ರ ನಿಕರಾಗುವಾ, 2019ರ ಬುರುಂಡಿ, 2021ರ ಇಥಿಯೋಪಿಯಾ, 2024ರ ವೆನೆಜುವೆಲಾ, ವಿಶ್ವಸಂಸ್ಥೆಯೋರನ್ನ ಹೊರಗೆ ಹಾಕಿದ ಈ ನಾಕು ಪ್ರಕರಣಕ್ಕೆ ಒಂದೊಂದು ಪ್ಯಾರಾ, ಪ್ರತಿ ಪ್ಯಾರಾದ ಬಾಲಕ್ಕೂ ‘ಅಂತರರಾಷ್ಟ್ರೀಯ ಸಮುದಾಯ ಇದನ್ನು ತೀವ್ರವಾಗಿ ಖಂಡಿಸಿತು’. ಹೆಡ್ಡಿಂಗಲ್ಲಿ ಮೌನ, ಒಳಗೆ ನಾಕು ಸಲ ಖಂಡನೆ, ಯಾವುದನ್ನ ನಂಬೋದು? ಆ ಸಮುದಾಯ ಅಂದ್ರೆ ಯಾರು ಅಂತ ಒಂದು ಕಡೇನೂ ಹೇಳಿಲ್ಲ. ಕಾವೇರಿ ಗಲಾಟೆ ಟೈಮಲ್ಲಿ ಸರ್ ಎಂವಿ ಪ್ರತಿಮೆ ಮುಂದೆ ದಿನಕ್ಕೊಂದು ಸಂಘದೋರು ಬಂದು ಕೂತು ಖಂಡಿಸಿ ಎದ್ದು ಹೋಗೋದನ್ನ ನೋಡೇ ಬೆಳೆದೋರು ನೀವು, ಅಲ್ಲಾದ್ರೆ ಯಾರು ಬಂದಿದ್ರು ಯಾರು ಬರ್ಲಿಲ್ಲ, ಮನವಿ ಇಸ್ಕೊಂಡ ಅಧಿಕಾರಿ ಏನಂದ್ರು, ಕೊನೆಗೆ ನಾಲೆಗೆ ನೀರು ಬಿಟ್ರಾ ಇಲ್ವಾ ಅಂತ ಕೇಳ್ತೀರಿ, ವಿಶ್ವಸಂಸ್ಥೆ ಕೂರೋ ಜಿನೀವಾ ನ್ಯೂಯಾರ್ಕ್ ಅಂದ ತಕ್ಷಣ ಕೈಕಟ್ಕೊಂಡು ನಿಂತ್ರೆ ಹೆಂಗೆ?

ನನ್ನ ಸಲಹೆ, ಈ ನಾಕರಲ್ಲಿ ಮೂರನ್ನ ಬಿಡಿ, ಎರಡು ಹಳೇ ಪ್ರಕರಣ ತಗೊಳ್ಳಿ.

ಒಂದು ಹೈಟಿ. 1991ರ ಸೆಪ್ಟೆಂಬರಲ್ಲಿ ಸೇನೆಯೋರು ಚುನಾಯಿತ ಅಧ್ಯಕ್ಷ ಅರಿಸ್ಟೀಡ್‌ನ ಕಿತ್ತಾಕಿದ್ರು. 1993ರಿಂದ ವಿಶ್ವಸಂಸ್ಥೆ ಮತ್ತೆ ಅಮೆರಿಕ ಖಂಡದ ದೇಶಗಳ ಒಕ್ಕೂಟ ಇಬ್ರೂ ಸೇರಿ ಕಳಿಸಿದ ವೀಕ್ಷಕರು ಅಲ್ಲಿ ಕೊಲೆ, ಹೊಡೆತ, ಕಾಣೆಯಾದೋರ ಲೆಕ್ಕ ಬರ್ಕೋತಿದ್ರು. 1994ರ ಜುಲೈ 11ಕ್ಕೆ ಸೇನೆ ಕೂರಿಸಿದ್ದ ಸರ್ಕಾರ ಇವರನ್ನ ಬೇಡದೋರು ಅಂತ ಘೋಷಿಸಿ 48 ಗಂಟೆ ಟೈಮ್ ಕೊಡ್ತು, 13ಕ್ಕೆ ಹೊರಟೇಬಿಟ್ರು. ವಿಶ್ವಸಂಸ್ಥೆಯ ಭದ್ರತಾ ಮಂಡಳಿ 12ನೇ ತಾರೀಕೇ ಖಂಡಿಸಿತ್ತು. ನೀವಾಗಿದ್ರೆ ಇಲ್ಲಿಗೆ ಪ್ಯಾರಾ ಮುಗಿಸ್ತಿದ್ರಿ! ಆದ್ರೆ ಅದೇ ಜುಲೈ 31ಕ್ಕೆ ನಿರ್ಣಯ 940 ಬಂತು, ಆ ಸರ್ಕಾರನ ಇಳಿಸಕ್ಕೆ ಬಲ ಬೇಕಾದ್ರೂ ಬಳಸಿ ಅಂತ, ಸೆಪ್ಟೆಂಬರ್ 19ಕ್ಕೆ ಅಮೆರಿಕದ ಸೈನಿಕರು ಇಳಿದ್ರು, ಅಕ್ಟೋಬರ್ 15ಕ್ಕೆ ಅರಿಸ್ಟೀಡ್ ವಾಪಸ್ ಬಂದ್ರು.

ಹಂಗಂತ ವೀಕ್ಷಕರನ್ನ ಓಡಿಸಿದ್ದಕ್ಕೇ ಸೇನೆ ಹೋಯ್ತು ಅಂತ ಬರೆದುಬಿಡ್ಬೇಡಿ. ನಿರ್ಣಯದ ಪೀಠಿಕೆ ನಿಧಾನಕ್ಕೆ ಓದಿ. ಅದರಲ್ಲಿ ಒಂದೇ ವಾಕ್ಯದಲ್ಲಿ ಮೂರು ಮಾತು ಒಟ್ಟಿಗೆ ಇದೆ, ಜನರ ಹಕ್ಕಿನ ಮೇಲಿನ ದಾಳಿ, ಹೈಟಿ ನಿರಾಶ್ರಿತರ ಪಾಡು, ವೀಕ್ಷಕರ ಉಚ್ಚಾಟನೆ. ಆ ನಿರಾಶ್ರಿತರು ದೋಣಿ ಹತ್ತಿ ಹೋಗ್ತಿದ್ದಿದ್ದು ಫ್ಲೋರಿಡಾ ಕಡೆಗೆ, ಸಾವಿರಾರು ಜನನ ಅಮೆರಿಕ ಸಮುದ್ರದಲ್ಲೇ ಹಿಡಿದು ಕ್ಯೂಬಾದಲ್ಲಿರೋ ತನ್ನ ಗ್ವಾಂಟನಾಮೋ ನೌಕಾನೆಲೆಯಲ್ಲಿ ಇಟ್ಟಿತ್ತು. ಕಷ್ಟ ಯಾರ ಮನೆ ಬಾಗಿಲಿಗೆ ಬಂದಿತ್ತು ಅನ್ನೋದು ಅಲ್ಲೇ ಗೊತ್ತಾಗತ್ತೆ. ವೋಟಿನ ಲೆಕ್ಕನೂ ನೋಡಿ. ಪರ 12, ಬ್ರೆಜಿಲ್ ಚೀನಾ ತಟಸ್ಥ, ಒಂದು ಕುರ್ಚಿ ಖಾಲಿ, ಅದು ರುವಾಂಡಾದ್ದು. ಹೌದು, ಆ ವರ್ಷ ರುವಾಂಡಾನೇ ಮಂಡಳಿ ಸದಸ್ಯ, ಅಲ್ಲಿ ನರಮೇಧ ಶುರುವಾದಾಗ ಏಪ್ರಿಲಲ್ಲಿ ಇದೇ ಮಂಡಳಿ ಶಾಂತಿಪಡೆ ಸಂಖ್ಯೆನ ಇಳಿಸಿತ್ತು. ಇದನ್ನೆಲ್ಲ ‘ಸಮುದಾಯ ಖಂಡಿಸಿತು’ ಅನ್ನೋ ಒಂದು ಸಾಲಲ್ಲಿ ಹೂತಾಕಿದ್ರೆ ಓದೋನಿಗೆ ಏನು ಸಿಕ್ತು?

ಇನ್ನೊಂದು ಕೊಸೊವೊ, ಸರಿಯಾಗಿ ಅದರ ಹಿಂದಿನ ವರ್ಷದ್ದು. ಆಗಿನ ಯುಗೊಸ್ಲಾವಿಯಾದ ಕೊಸೊವೊ, ಸಂಜಾಕ್, ವೊಯ್ವೊದಿನಾ ಪ್ರದೇಶಗಳಲ್ಲಿ ಯೂರೋಪಿನ ಭದ್ರತಾ ಸಮ್ಮೇಳನ ಅನ್ನೋ ದೇಶಗಳ ಒಕ್ಕೂಟದ ವೀಕ್ಷಕರಿದ್ರು, 1993ರಲ್ಲಿ ರಾಜಧಾನಿ ಬೆಲ್‌ಗ್ರೇಡಿನ ಸರ್ಕಾರ ಅವರ ಅವಧಿ ಮುಂದುವರ್ಸಲ್ಲ ಅಂತು, ಯಾಕಂದ್ರೆ ಯುಗೊಸ್ಲಾವಿಯಾನ ಆ ಒಕ್ಕೂಟದಿಂದಾನೇ ಸಸ್ಪೆಂಡ್ ಮಾಡಿದ್ರು. ಆಗಸ್ಟ್ 9ಕ್ಕೆ ಭದ್ರತಾ ಮಂಡಳಿ ನಿರ್ಣಯ 855 ಮಾಡಿ ‘ದಯವಿಟ್ಟು ಮತ್ತೊಮ್ಮೆ ಯೋಚಿಸಿ’ ಅನ್ನೋ ಧಾಟಿಲಿ ಕೇಳ್ತು, ಕೇಳದಿದ್ರೆ ಏನ್ಮಾಡ್ತೀವಿ ಅಂತ ಒಂದು ಸಾಲೂ ಇಲ್ಲ. ಬೆಲ್‌ಗ್ರೇಡ್ ಜಗ್ಗಲಿಲ್ಲ. ಎಲ್ಲರ ಕಣ್ಣೂ ಆಗ ಯುದ್ಧ ನಡೀತಿದ್ದ ಬೋಸ್ನಿಯಾ ಮೇಲೆ. ಕೊಸೊವೊಗೆ ದೊಡ್ಡ ವೀಕ್ಷಕರ ತಂಡ ಮತ್ತೆ ಹೋಗಿದ್ದು 1998ರ ಕೊನೇಲಿ, ಅಷ್ಟೊತ್ತಿಗೆ ಅಲ್ಲಿ ಯುದ್ಧನೇ ಶುರುವಾಗಿತ್ತು. ಅದೇ ಮಂಡಳಿ, ಒಂದು ವರ್ಷದ ಅಂತರ, ಒಂದು ಕಡೆ ಮನವಿ, ಒಂದು ಕಡೆ ಸೇನೆ. ಯಾಕೆ ಅನ್ನೋದೇ ನಿಮ್ಮ ಲೇಖನ ಕಣ್ರೀ.

ತಪ್ಪು ಎರಡಿವೆ, ಹೇಳ್ಬಿಡ್ತೀನಿ. ಇಥಿಯೋಪಿಯಾ ಓಡಿಸಿದ ಏಳೂ ಜನನ ಹಕ್ಕು ವೀಕ್ಷಕರು ಅಂದಿದೀರಿ. ಅಲ್ಲ. ಐದು ಜನ ಪರಿಹಾರ ಕೆಲಸದ ಉಸ್ತುವಾರಿಯೋರು, ಒಬ್ರು ಯುನಿಸೆಫ್, ಮಾನವ ಹಕ್ಕು ಕಚೇರಿಯೋರು ಒಬ್ರೇ. ಎರಡನೇದು, ವಿಯೆನ್ನಾ ಒಪ್ಪಂದದ ಪ್ರಕಾರ ಸರ್ಕಾರಕ್ಕೆ ಹಿಂಗೆ ಓಡಿಸೋ ಹಕ್ಕಿದೆ ಅಂದಿದೀರಿ. 1961ರ ಆ ಒಪ್ಪಂದ ಇರೋದು ಒಂದು ದೇಶ ಇನ್ನೊಂದು ದೇಶಕ್ಕೆ ಕಳಿಸೋ ರಾಯಭಾರಿಗಳಿಗೆ, ನಮ್ಮ ಸಿಬ್ಬಂದಿಗೆ ಅದು ಅನ್ವಯ ಆಗಲ್ಲ ಅಂತ ವಿಶ್ವಸಂಸ್ಥೆ ಇಥಿಯೋಪಿಯಾಗೆ ನೇರವಾಗೇ ಹೇಳ್ತು. ಹೇಳಿದ್ರೂ ಆ ಏಳು ಜನ ಹೊರಡಲೇಬೇಕಾಯ್ತು.

ನಿಮ್ಮ ಲೇಖನದಲ್ಲಿ ನನಗೆ ಇಷ್ಟವಾಗಿದ್ದು ನಿಕರಾಗುವಾ ಪ್ಯಾರಾದ ಒಂದೇ ಪ್ರಶ್ನೆ, ‘ಹೇಳಿಕೆ ಕೊಟ್ಟವರ ಗತಿ ಏನು?’ ಅಂತ. ಅದನ್ನ ಕೇಳಿ ಅಲ್ಲೇ ಬಿಟ್ಟು ಮುಂದಿನ ದೇಶಕ್ಕೆ ಹಾರಿಬಿಟ್ರಿ. 2018ರ ಆಗಸ್ಟ್ 29ಕ್ಕೆ ವಿಶ್ವಸಂಸ್ಥೆ ಮಾನವ ಹಕ್ಕು ಕಚೇರಿಯ ವರದಿ ಬಂತು, ಮಾರನೇ ದಿನಾನೇ ನಿಮ್ಮನ್ನ ಕರೆದ ಕಾರಣ ಮುಗೀತು ಅಂತ ಆ ತಂಡಕ್ಕೆ ಸರ್ಕಾರದಿಂದ ಪತ್ರ ಹೋಯ್ತು. ತಂಡದೋರು ಹೊರಟ್ರು, ಬೀದೀಲಿ ಏಟು ತಿಂದು ಹೆಸರು ಹೇಳಿ ಹೇಳಿಕೆ ಕೊಟ್ಟೋರು ಅಲ್ಲೇ ಉಳಿದ್ರು. ಆಮೇಲೆ ಪನಾಮಾದಲ್ಲಿ ಕೂತು ಮಾಹಿತಿ ಸೇರಿಸೋ ಕೆಲಸ ನಡೀತು, ಮಾನವ ಹಕ್ಕು ಮಂಡಳಿ ತಜ್ಞರ ಗುಂಪು ಅಂತ ಮಾಡಿದ್ದು 2022ರ ಮಾರ್ಚಲ್ಲಿ. ಮೂರೂವರೆ ವರ್ಷ! ಇದು ಮೌನ ಅಲ್ಲ, ನಿಧಾನ, ಆ ನಿಧಾನ ಯಾರಿಗೆ ಅನುಕೂಲ ಆಯ್ತು ಅಂತ ಬರೀರಿ. ನಾಕರಲ್ಲಿ ಉಳಿಸ್ಕೋಬೇಕಾದ್ದು ಇದೊಂದೇ.

‘ಕಾರ್ಗತ್ತಲಲ್ಲಿ ಮಾನವೀಯತೆಯ ಹಣತೆ’ ಅನ್ನೋ ಮೊದಲ ಪ್ಯಾರಾ ಪೂರ್ತಿ ತೆಗೆದಾಕಿ, ಯಾರಿಗೂ ನಷ್ಟ ಇಲ್ಲ.

1,200 ಪದ ಸಾಕು. ಯೂನಿಕೋಡಲ್ಲೇ ಟೈಪ್ ಮಾಡಿ ಕಳಿಸಿ, ಈ ಸಲ ಬಂದ ಫೈಲಲ್ಲಿ ಒತ್ತಕ್ಷರ ಎಲ್ಲ ಎಗರಿ ‘ರಾಷ್ಟ್ರ’ನೇ ಓದಕ್ಕಾಗ್ತಿರ್ಲಿಲ್ಲ. ನಿರ್ಣಯಗಳ ಇಂಗ್ಲಿಷ್ ಗೋಜಲಾಗಿದೆ ಅನ್ಸಿದ್ರೆ ಪ್ರಿಂಟ್ ತಗೊಂಡು ಒಂದು ಮಧ್ಯಾಹ್ನ ಆಫೀಸಿಗೆ ಬನ್ನಿ, ಕೂತು ಓದೋಣ. ಸಂಭಾವನೆ ಎಷ್ಟು ಅಂತ ಕೇಳಿದ್ರಿ, ಮಂಡ್ಯ ಮೈಸೂರು ಬಸ್ ಚಾರ್ಜ್ ಕಳೆದು ಒಂದು ಊಟಕ್ಕಾಗತ್ತೆ.